ಸುದ್ದಿಗೆ ತಲೆ ಯಾವುದು, ಬಾಲ ಯಾವುದು?

ಧಾರಾವಾಹಿ ಬರೆಯುವ ಲೇಖಕನಿಗೆ ಒಂದು ಸೌಕರ್ಯವಿದೆ. ಕಥಾನಾಯಕಿ ಬಾವಿಯ ಕಟ್ಟೆಯ ಬಳಿ ಒಬ್ಬಳೇ ನಿಂತಿದ್ದಾಳೆ, ಹಿಂದಿನಿಂದ ಯಾರದೋ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ ಎಂಬಲ್ಲಿಗೆ ತಂದು, 'ಮುಂದಿನ ವಾರಕ್ಕೆ' ಎಂದು ಬರೆದು ಅವನು ನಿಶ್ಚಿಂತೆಯಿಂದ ಮಲಗಬಹುದು. ಬಂದವನು ಯಾರೆಂದು ತಿಳಿಯಲು ಮನೆಮಂದಿಯೆಲ್ಲ ಏಳು ದಿನ ಕಾಯುತ್ತಾರೆ. ಪತ್ರಿಕೆ ಬಂದ ದಿನ ಅದನ್ನು ಮೊದಲು ಓದುವವರು ಯಾರೆಂದು ಅತ್ತೆ ಸೊಸೆಯರಲ್ಲಿ, ಅಕ್ಕ ತಂಗಿಯರಲ್ಲಿ ಸಣ್ಣದೊಂದು ವ್ಯಾಜ್ಯವೂ ನಡೆಯುತ್ತದೆ. ಕುತೂಹಲವನ್ನು ಬಚ್ಚಿಟ್ಟು ಬೆಳೆಸುವುದೇ ಅವನ ಕಲೆ.

ದಿನಪತ್ರಿಕೆಗೆ ಸುದ್ದಿ ಬರೆಯುವವನಿಗೆ ಈ ಸೌಭಾಗ್ಯವಿಲ್ಲ. ಬಾವಿಯ ಬಳಿ ಬಂದವನಾರು, ಆಮೇಲೆ ಏನಾಯಿತು, ಆಕೆ ಬದುಕಿದಳೆ ಇಲ್ಲವೆ ಎಂಬುದನ್ನು ಅವನು ಮೊದಲನೆಯ ವಾಕ್ಯದಲ್ಲಿಯೇ ಹೇಳಿಬಿಡಬೇಕು. ಕಥೆಗಾರನು ಯಾವುದನ್ನು ಕೊನೆಗೆಂದು ಕಾದಿರಿಸುತ್ತಾನೆಯೋ ವರದಿಗಾರನು ಅದನ್ನೇ ಮೊದಲಿಗೆ ಇಡುತ್ತಾನೆ. ಸುದ್ದಿಯ ರಚನೆಯ ಮೊದಲ ಪಾಠ ಇಷ್ಟೆ. ಕೇಳಲು ಸುಲಭ. ಆದರೆ ಅಜ್ಜಿಯ ಬಾಯಿಂದ 'ಒಂದಾನೊಂದು ಊರಿನಲ್ಲಿ' ಎಂದು ಕಥೆ ಕೇಳಿ ಬೆಳೆದ ನಮಗೆ, ಕೈಗೆ ಲೇಖನಿ ಬಂದೊಡನೆ ಇದು ಎಷ್ಟು ಕಷ್ಟವೆಂಬುದು ಗೊತ್ತಾಗುತ್ತದೆ.

ಇದು ಪತ್ರಿಕಾಲಯದವರ ಚಿಂತೆ, ನಮಗೇಕೆ ಎಂದು ವಾಚಕರು ಕೇಳಬಹುದು. ಬಡಾವಣೆಯ ಸಂಘ, ಮಹಿಳಾ ಸಮಾಜ, ಶಾಲೆಯ ವಾರ್ಷಿಕೋತ್ಸವ, ರಾಮನವಮಿಯ ಸಂಗೀತ ಕಚೇರಿ ಇವುಗಳ ವರದಿಯನ್ನು ಪತ್ರಿಕೆಗೆ ಬರೆದು ಕಳಿಸುವ ಕಾರ್ಯದರ್ಶಿಗಳು ಪ್ರತಿಯೊಂದು ಬೀದಿಯಲ್ಲಿಯೂ ಒಬ್ಬರಾದರೂ ಇದ್ದಾರೆ. ಈಚೆಗಂತೂ ಕೈಯಲ್ಲಿ ಮೊಬೈಲ್ ಹಿಡಿದವರೆಲ್ಲ ಒಂದು ಬಗೆಯ ವರದಿಗಾರರೇ ಆಗಿದ್ದಾರೆ. ರಸ್ತೆಯಲ್ಲಿ ಕಂಡ ಅಪಘಾತವನ್ನು ಮನೆ ಮುಟ್ಟುವುದರೊಳಗೆ ನೂರು ಜನಕ್ಕೆ ತಿಳಿಸಿರುತ್ತಾರೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಸುದ್ದಿಯನ್ನು ಹೇಗೆ ಕಟ್ಟುತ್ತಾರೆಂಬುದು ತಿಳಿದವರಿಗೆ, ಆ ಕಟ್ಟಡ ಎಲ್ಲಿ ಸಡಿಲವಾಗಿದೆಯೆಂಬುದು ಓದುವಾಗಲೇ ಕಾಣುತ್ತದೆ. ಒಬ್ಬ ಮನುಷ್ಯನ ಮಾನ ಕೆಲವು ಸಲ ಆ ಸಡಿಲವಾದ ಜಾಗದಲ್ಲಿಯೇ ಸಿಕ್ಕಿಕೊಂಡಿರುತ್ತದೆ.

ಕನ್ನಡ ತರಗತಿಯ ವಿದ್ಯಾರ್ಥಿಗಳಿಗೆ ನಾನು ಪ್ರತಿ ವರ್ಷವೂ ಒಂದು ಕಲ್ಪಿತ ಘಟನೆಯ ವಿವರಗಳನ್ನು ಹಲಗೆಯ ಮೇಲೆ ಬರೆದು, ಪತ್ರಿಕೆಗೆ ವರದಿ ಬರೆಯಿರೆಂದು ಹೇಳುವುದುಂಟು. ಒಂದು ಹಳ್ಳಿಯಲ್ಲಿ ಮೂರು ದಿನಗಳಿಂದ ಮಳೆ. ಶುಕ್ರವಾರ ರಾತ್ರಿ ಎರಡು ಗಂಟೆಯ ವೇಳೆಗೆ ಕೆರೆಯ ಏರಿ ಒಡೆಯಿತು. ತಗ್ಗಿನ ಕೇರಿಗೆ ನೀರು ನುಗ್ಗಿ 12 ಮನೆಗಳು ಕುಸಿದವು. ಒಬ್ಬ ಮುದುಕಿ, ಇಬ್ಬರು ಮಕ್ಕಳು ಸತ್ತರು. 40 ಕುಟುಂಬಗಳು ಶಾಲೆಯಲ್ಲಿ ಆಶ್ರಯ ಪಡೆದಿವೆ. ಏರಿ ಬಿರುಕು ಬಿಟ್ಟಿದೆಯೆಂದು ಊರಿನವರು ಒಂದು ತಿಂಗಳ ಹಿಂದೆಯೇ ಅರ್ಜಿ ಕೊಟ್ಟಿದ್ದರು. ತಹಸೀಲ್ದಾರರು ಬಂದು ನೋಡಿದರು. ನಾಳೆ ಸಚಿವರು ಬರಲಿದ್ದಾರೆ. ವಿವರಗಳು ಇವಿಷ್ಟು.

ಅರ್ಧ ತರಗತಿಯವರು ಮುಗಿಲಿನಿಂದ ಆರಂಭಿಸುತ್ತಾರೆ. ವರುಣನು ಮುನಿಯುತ್ತಾನೆ, ಭೂತಾಯಿ ತತ್ತರಿಸುತ್ತಾಳೆ, ಕಾರಿರುಳು ಕವಿಯುತ್ತದೆ. ಮಕ್ಕಳಿಬ್ಬರು ಸತ್ತ ಸಂಗತಿ ಮೂರನೆಯ ಪ್ಯಾರಾದಲ್ಲಿ ಹೊರಬರುತ್ತದೆ. ಇವರನ್ನು ತಿದ್ದುವುದು ಸುಲಭ, ಏಕೆಂದರೆ ಇವರಲ್ಲಿ ಇರುವುದು ಕಥೆ ಹೇಳುವ ಆಸೆ; ಅದು ಕೆಟ್ಟದ್ದೇನೂ ಅಲ್ಲ. ಇನ್ನು ಕೆಲವರು, 'ಕೆರೆ ಒಡೆದ ಗ್ರಾಮಕ್ಕೆ ಮಾನ್ಯ ಸಚಿವರು ನಾಳೆ ಭೇಟಿ ನೀಡಿ ಸಂತ್ರಸ್ತರ ಅಹವಾಲನ್ನು ಆಲಿಸಲಿದ್ದಾರೆ' ಎಂದು ಆರಂಭಿಸುತ್ತಾರೆ. ಇವರನ್ನು ತಿದ್ದುವುದು ಕಷ್ಟ. ಇದು ಅವರ ಸ್ವಂತ ಕಲ್ಪನೆಯಲ್ಲ, ಪತ್ರಿಕೆಗಳನ್ನು ಓದಿಯೇ ಕಲಿತದ್ದು.

ಸುದ್ದಿ ಬರೆಯಬಲ್ಲವನು ಹೀಗೆ ಬರೆದಾನು: 'ಇಲ್ಲಿಯ ಕೆರೆಯ ಏರಿ ಶುಕ್ರವಾರ ರಾತ್ರಿ ಒಡೆದು ಮೂವರು ಸತ್ತಿದ್ದಾರೆ. ಸತ್ತವರಲ್ಲಿ ಇಬ್ಬರು ಮಕ್ಕಳು. ತಗ್ಗಿನ ಕೇರಿಯ 12 ಮನೆಗಳು ಕುಸಿದಿದ್ದು, 40 ಕುಟುಂಬಗಳು ಶಾಲೆಯಲ್ಲಿ ಆಶ್ರಯ ಪಡೆದಿವೆ.' ಇಲ್ಲಿಗೆ ಅವಸರದಲ್ಲಿರುವ ಓದುಗನು ಹಾಳೆ ಮಡಿಚಿಟ್ಟರೂ ಅವನಿಗೆ ಸುದ್ದಿ ತಿಳಿದಿರುತ್ತದೆ. ಆದರೆ ವರದಿಗಾರನ ನಿಜವಾದ ಪರೀಕ್ಷೆ ಇರುವುದು ಎರಡನೆಯ ಪ್ಯಾರಾದಲ್ಲಿ. ಅಲ್ಲಿ ಬರಬೇಕಾದದ್ದು ಮಳೆಯೆ, ತಹಸೀಲ್ದಾರರೆ, ಸಚಿವರೆ, ಅಥವಾ ಊರಿನವರ ಅರ್ಜಿಯೆ? ನನ್ನ ಮತದಲ್ಲಿ ಅರ್ಜಿ. ಮಳೆ ಎಲ್ಲ ಊರಿನಲ್ಲಿಯೂ ಸುರಿದಿದೆ. ಎಲ್ಲ ಊರಿನ ಕೆರೆಯೂ ಒಡೆಯಲಿಲ್ಲ. 'ಏರಿ ಬಿರುಕು ಬಿಟ್ಟಿದೆಯೆಂದು ಗ್ರಾಮಸ್ಥರು ಒಂದು ತಿಂಗಳ ಹಿಂದೆ ಅರ್ಜಿ ಕೊಟ್ಟಿದ್ದರು. ಅರ್ಜಿಯ ಪ್ರತಿಯನ್ನು ಅವರು ಈ ಪತ್ರಿಕೆಯ ವರದಿಗಾರರಿಗೆ ತೋರಿಸಿದರು' ಎಂದು ಬರೆದಲ್ಲಿ, ಯಾರನ್ನೂ ಬೈಯದೆ, ಒಂದು ವಿಶೇಷಣವನ್ನೂ ಬಳಸದೆ, ಕೇಳಬೇಕಾದ ಪ್ರಶ್ನೆಯನ್ನು ಕೇಳಿದಂತಾಯಿತು. ಸಂಬಂಧಪಟ್ಟ ಅಧಿಕಾರಿಗಳು ಅದಕ್ಕೆ ಏನು ಹೇಳುತ್ತಾರೆಂಬುದು ಮರುವಾಕ್ಯದಲ್ಲಿಯೇ ಬರಬೇಕು. ಹತ್ತನೆಯ ಪ್ಯಾರಾದಲ್ಲಿ ಬಂದರೆ ಅವರಿಗೆ ಅನ್ಯಾಯ. ಸಚಿವರ ಭೇಟಿ ಕೊನೆಯಲ್ಲಿರಲಿ. ಅದರಿಂದ ಅವರ ಘನತೆಗೇನೂ ಕುಂದಿಲ್ಲ.

ಈ ಕ್ರಮಕ್ಕೆ ಪತ್ರಿಕೋದ್ಯಮದವರು 'ತಲೆಕೆಳಗಾದ ಪಿರಮಿಡ್' ಎಂದು ಹೆಸರಿಟ್ಟಿದ್ದಾರೆ. ನಮ್ಮ ದೇವಾಲಯದ ಗೋಪುರವನ್ನೇ ಬೋರಲು ಹಾಕಿದಂತೆ ಭಾವಿಸಿಕೊಳ್ಳಬಹುದು. ಅಗಲವಾದ, ಭಾರವಾದ ಭಾಗ ಮೇಲೆ. ಕಿರಿದಾದ ಕಳಶ ಕೆಳಗೆ. ಇದು ಹುಟ್ಟಿದ್ದು ಅಮೆರಿಕೆಯಲ್ಲಿ. 1865ನೆಯ ಇಸವಿಯ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ ನಗರದ ಫೋರ್ಡ್ ನಾಟಕಶಾಲೆಯಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಮೇಲೆ ಗುಂಡು ಹಾರಿಸಲಾಯಿತು. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ಬಾತ್ಮೀದಾರ ಲಾರೆನ್ಸ್ ಗೋಬ್ರೈಟ್ ಆ ರಾತ್ರಿ ಕಳಿಸಿದ ಮೊದಲ ತಂತಿ ಒಂದೇ ವಾಕ್ಯದ್ದು: ಅಧ್ಯಕ್ಷರಿಗೆ ನಾಟಕಶಾಲೆಯಲ್ಲಿ ಗುಂಡೇಟು ತಗುಲಿದೆ, ಪೆಟ್ಟು ಪ್ರಾಣಾಂತಿಕವಾಗಿರಬಹುದು ಎಂಬಷ್ಟೆ ಅದರ ಅಭಿಪ್ರಾಯ. ನಾಟಕ ಯಾವುದು, ಯಾವ ಅಂಕ ನಡೆಯುತ್ತಿತ್ತು, ಹಂತಕನು ವೇದಿಕೆಗೆ ಹೇಗೆ ಧುಮುಕಿದನು ಎಂಬುದೆಲ್ಲ ಆಮೇಲಿನ ಮಾತು. 'ಇರಬಹುದು' ಎಂಬ ಆ ಪದವನ್ನೂ ಗಮನಿಸಬೇಕು. ಲಿಂಕನ್ನರು ತೀರಿಕೊಂಡದ್ದು ಮರುದಿನ ಬೆಳಿಗ್ಗೆ. ರಾತ್ರಿಯೇ ಅವರನ್ನು ಸಾಯಿಸಲು ಗೋಬ್ರೈಟ್ ಅವಸರಪಡಲಿಲ್ಲ.

ಇದಕ್ಕೆ ಸೇರಿದ ಒಂದು ಐತಿಹ್ಯವನ್ನು ಪತ್ರಿಕೋದ್ಯಮದ ತರಗತಿಗಳಲ್ಲಿ ಹೇಳುವುದುಂಟು. 1861ರಿಂದ 1865ರವರೆಗಿನ ಅಮೆರಿಕೆಯ ಅಂತರ್ಯುದ್ಧದಲ್ಲಿ ತಂತಿಯ ಮಾರ್ಗ ಯಾವ ಗಳಿಗೆಯಲ್ಲಿ ಕಡಿದುಹೋಗುವುದೋ ತಿಳಿಯದಿದ್ದುದರಿಂದ ವರದಿಗಾರರು ಮುಖ್ಯಾಂಶವನ್ನು ಮೊದಲೇ ಕಳಿಸುವ ಅಭ್ಯಾಸ ಮಾಡಿಕೊಂಡರಂತೆ. ಕಥೆ ಸೊಗಸಾಗಿದೆ. ಆದರೆ ಆ ಕಾಲದ ಪತ್ರಿಕೆಗಳನ್ನು ತೆಗೆದು ನೋಡಿದ ವಿದ್ವಾಂಸರು ಇದನ್ನು ಹಾಗೆಯೇ ಒಪ್ಪುವುದಿಲ್ಲ. ಯುದ್ಧಕಾಲದ ವರದಿಗಳಲ್ಲಿ ಬಹುಪಾಲು ಹಳೆಯ ರೀತಿಯಲ್ಲಿಯೇ, ಬೆಳಗಿನಿಂದ ಸಂಜೆಯವರೆಗೆ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತಿದ್ದವು. ಹೊಸ ಕ್ರಮ ಬೇರೂರಿದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ. 'ಸುದ್ದಿ' ಎಂಬ ನಮ್ಮ ಪದ ಸಂಸ್ಕೃತದ 'ಶುದ್ಧಿ'ಯ ತದ್ಭವವೆಂದು ಹೇಳುವುದುಂಟು. ಸುದ್ದಿಯ ಹುಟ್ಟಿನ ಸುದ್ದಿಯೇ ಪೂರ್ತಿ ಶುದ್ಧವಾಗಿಲ್ಲವೆಂಬುದು ಒಂದು ವಿನೋದ.

ರೂಢಿ ಉಳಿದುಬಂದದ್ದಕ್ಕೆ ಅಚ್ಚುಕೂಟದ ಕಾರಣವೂ ಇತ್ತು. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ, ಪುಟ ಕಟ್ಟುವ ಹೊತ್ತಿಗೆ ಸ್ಥಳ ಸಾಲದೆ ಹೋದರೆ, ಮತ್ತೆ ಬರೆಸಲು ವ್ಯವಧಾನವೆಲ್ಲಿ? ಕೆಳಗಿನಿಂದ ನಾಲ್ಕು ಸಾಲು ಎತ್ತಿಹಾಕುತ್ತಿದ್ದರು. ಬಾಲವನ್ನು ಕತ್ತರಿಸಿದರೂ ಪ್ರಾಣಿ ಬದುಕಿರಬೇಕು. ಹಾಗೆ ಬರೆದವನೇ ಜಾಣ. ಈಗ ಮೊಳೆಯೂ ಇಲ್ಲ, ತಂತಿಯೂ ಇಲ್ಲ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೂ ರೂಢಿ ಸಾಯಲಿಲ್ಲ. ಅಂಗೈಯಗಲದ ಗಾಜಿನ ಮೇಲೆ ಎರಡು ಸಾಲು ಓದಿ ಬೆರಳಿನಿಂದ ಮುಂದಕ್ಕೆ ತಳ್ಳುವ ಓದುಗನು, ಹಿಂದಿನ ಪುಟಕಟ್ಟುವವನಿಗಿಂತಲೂ ನಿರ್ದಯನಾಗಿ ಬಾಲವನ್ನು ಕತ್ತರಿಸುತ್ತಾನೆ.

ಕನ್ನಡದ ಮೊದಲ ಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ'ವನ್ನು 1843ನೆಯ ಇಸವಿ ಜುಲೈ 1ರಂದು ಹರ್ಮನ್ ಮೊಗ್ಲಿಂಗರು ಕಲ್ಲಚ್ಚಿನಲ್ಲಿ ಹೊರತಂದಾಗ ಇಂಥ ಅವಸರಗಳಾವುವೂ ಇರಲಿಲ್ಲ. ಅದು ಪಾಕ್ಷಿಕ. ಊರಿನ ವರ್ತಮಾನ ನಿಧಾನವಾಗಿ ನಡೆದು ಬಂದರೂ ಕೇಳುವವರಿಗೆ ಬೇಸರವಿರಲಿಲ್ಲ. ತಲೆಕೆಳಗಾದ ಗೋಪುರ ನಾವು ಆಮೇಲೆ ಇಂಗ್ಲಿಷಿನಿಂದ ತಂದುಕೊಂಡದ್ದು. ತಂದುಕೊಂಡದ್ದು ತಪ್ಪಲ್ಲ. ಆದರೆ ಅದನ್ನು ನಿಲ್ಲಿಸಬೇಕಾದ ನೆಲ ಬೇರೆಯೆಂಬುದನ್ನು ನಾವು ಮರೆತೆವೆಂದು ತೋರುತ್ತದೆ.

ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬಂದುಬಿಡುತ್ತದೆ. ಮೂವರು ಸತ್ತರು ಎಂಬುದು ಮೊದಲ ಎರಡು ಮೂರು ಪದಗಳಲ್ಲಿ ಮುಗಿದು, ಎಲ್ಲಿ, ಹೇಗೆ, ಯಾವಾಗ ಎಂಬುವು ಹಿಂದೆ ಹಿಂದೆ ನಡೆದು ಬರುತ್ತವೆ. ಕನ್ನಡದಲ್ಲಿ ಕ್ರಿಯಾಪದವು ಮದುವೆಯ ಮನೆಯ ಯಜಮಾನನಂತೆ ಎಲ್ಲರ ಊಟವಾದ ಮೇಲೆ ಕೊನೆಗೆ ಕೂಡುತ್ತದೆ. ವಿಶೇಷಣಗಳೂ ಕೃದಂತಗಳೂ ಅದಕ್ಕೆ ಮೊದಲೇ ಸಾಲಾಗಿ ಬರಬೇಕು. ಇಂಗ್ಲಿಷಿನ ಒಂದು ವಾಕ್ಯವನ್ನು ಕನ್ನಡದ ಒಂದೇ ವಾಕ್ಯವಾಗಿ ಮಾಡಹೊರಟರೆ ಆಗುವುದು ಹೀಗೆ:

'ಕಳೆದ ಮೂರು ದಿನಗಳಿಂದ ಸತತವಾಗಿ ಸುರಿಯುತ್ತಿರುವ ಭಾರಿ ಮಳೆಯಿಂದಾಗಿ ತುಂಬಿ ಹರಿಯುತ್ತಿದ್ದ, ಬಿರುಕು ಬಿಟ್ಟಿರುವ ಬಗ್ಗೆ ಗ್ರಾಮಸ್ಥರಿಂದ ತಿಂಗಳ ಹಿಂದೆಯೇ ಅರ್ಜಿ ಸಲ್ಲಿಸಲ್ಪಟ್ಟಿದ್ದ ಏರಿಯನ್ನು ಹೊಂದಿದ್ದ ಕೆರೆಯು ಒಡೆದ ಪರಿಣಾಮವಾಗಿ ಇಬ್ಬರು ಮಕ್ಕಳೂ ಸೇರಿದಂತೆ ಮೂವರು ಸಾವನ್ನಪ್ಪಿದ ದಾರುಣ ಘಟನೆ ನಡೆದಿದೆ.'

ಇದನ್ನು ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ನೋಡಿರಿ. ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಮೊದಲಿಗೆ ಬರಬೇಕಾದ ಸಾವು ಕೊನೆಯಿಂದ ನಾಲ್ಕನೆಯ ಪದವಾಗಿದೆ. ಅದಕ್ಕೂ ಸ್ವಂತ ಕ್ರಿಯೆಯಿಲ್ಲ. ಸತ್ತರು ಎನ್ನುವ ಬದಲು ಸಾವನ್ನು 'ಅಪ್ಪಿದ' ಘಟನೆ 'ನಡೆದಿದೆ'. ಸತ್ತರೆಂದ ಮೇಲೆ ಘಟನೆ ನಡೆದಿರಲೇಬೇಕಲ್ಲವೆ? ಈ 'ಘಟನೆ ನಡೆದಿದೆ' ಎಂಬುದನ್ನು ನಮ್ಮ ಪತ್ರಿಕೆಗಳು ಒಂದು ವಾರ ಕೈಬಿಟ್ಟರೆ ಎಷ್ಟು ಕಾಲಂ ಉಳಿಯುವುದೋ ಯಾರಾದರೂ ಲೆಕ್ಕ ಹಾಕಬೇಕು.

ಇಂಥ ವಾಕ್ಯ ಹುಟ್ಟುವುದಕ್ಕೆ ಉಪಸಂಪಾದಕರ ಅಜ್ಞಾನ ಕಾರಣವಲ್ಲ. ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ 1949ರಲ್ಲಿ ಕೆಲಸ ಆರಂಭಿಸಿದಾಗಿನಿಂದ ದೇಶದ, ಹೊರದೇಶಗಳ ಸುದ್ದಿ ಕನ್ನಡ ಪತ್ರಿಕೆಗಳಿಗೆ ಬಹುಕಾಲ ಇಂಗ್ಲಿಷಿನಲ್ಲಿಯೇ ಬಂದಿತು. ರಾತ್ರಿ ಪಾಳಿಯವರು ಗಡಿಯಾರ ನೋಡುತ್ತ ಅದನ್ನು ಕನ್ನಡಿಸಬೇಕಾಗಿತ್ತು. ಅವರ ಅವಸರದಿಂದಲೇ ನಮಗೆ ಎಷ್ಟೋ ಒಳ್ಳೆಯ ಹೊಸ ಪದಗಳು ದೊರೆತಿವೆ. 'ಸಲ್ಲಿಸಲ್ಪಟ್ಟಿತು' ಮುಂತಾದ ಕರ್ಮಣಿ ಪ್ರಯೋಗಗಳೂ ಅದೇ ಬಾಗಿಲಿನಿಂದ ಒಳಗೆ ಬಂದಿವೆ.

ಪರಿಹಾರವೇನೂ ಗಹನವಾದುದಲ್ಲ. ಇಂಗ್ಲಿಷಿನವರು ಒಂದು ವಾಕ್ಯದ ಒಳಗೆ ಸಾಧಿಸುವ ಕ್ರಮವನ್ನು ನಾವು ಮೂರು ವಾಕ್ಯಗಳ ನಡುವೆ ಸಾಧಿಸಬೇಕು. ಮುಖ್ಯವಾದುದಕ್ಕೆ ಒಂದು ಚಿಕ್ಕ ವಾಕ್ಯ, ಅದರ ಕ್ರಿಯಾಪದ ಬೇಗ ಕೈಗೆ ಸಿಗುವಂತೆ. ಮಿಕ್ಕವು ಅದರ ಹಿಂದೆ. ತಲೆಬರಹದಲ್ಲಂತೂ ನಮ್ಮ ಭಾಷೆ ಇಂಗ್ಲಿಷಿಗಿಂತ ಬಿಗಿ. 'ಕೆರೆ ಒಡೆದು ಮೂವರ ಸಾವು': ನಾಲ್ಕೇ ಪದಗಳಲ್ಲಿ ಕಾರಣವೂ ಕಾರ್ಯವೂ ಬಂದುವು, ಕ್ರಿಯಾಪದವೇ ಬೇಕಾಗಲಿಲ್ಲ.

ಇನ್ನು ಸುದ್ದಿ ಉತ್ತರಿಸಬೇಕಾದ ಆರು ಪ್ರಶ್ನೆಗಳು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇವನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿರುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಏನು, ಎಲ್ಲಿ, ಯಾವಾಗ ಎಂಬ ಮೂರಕ್ಕೆ ವರದಿಗಾರನು ಶ್ರಮಪಟ್ಟರೆ ಅಂದೇ ಉತ್ತರ ಸಿಗುತ್ತದೆ. 'ಏಕೆ' ಎಂಬುದಕ್ಕೆ ಮೊದಲ ದಿನ ಉತ್ತರ ಸಿಗುವುದು ಅಪರೂಪ, ಆದರೆ ಓದುಗರಿಗೆ ಬೇಕಾದದ್ದು ಅದೇ. ಒಬ್ಬ ಹುಡುಗಿ ಪ್ರಾಣ ಕಳೆದುಕೊಂಡಳೆಂದುಕೊಳ್ಳಿ. ಸಂಜೆಯೊಳಗೆ, 'ಪ್ರೇಮವೈಫಲ್ಯವೇ ಕಾರಣವೆನ್ನಲಾಗಿದೆ' ಎಂದು ಅಚ್ಚಾಗುತ್ತದೆ. ಎಂದವರು ಯಾರು? ಬೀದಿಯ ಮೂಲೆಯ ಅಂಗಡಿಯವನೆ, ಪೊಲೀಸರೆ, ಯಾರೂ ಅಲ್ಲವೆ? 'ಎನ್ನಲಾಗಿದೆ' ಎಂಬ ಕ್ರಿಯಾಪದಕ್ಕೆ ವ್ಯಾಕರಣದಲ್ಲಿ ಕರ್ತೃ ಬೇಕಿಲ್ಲ. ಅದಕ್ಕೇ ಅದು ಅಷ್ಟು ಅನುಕೂಲ. ಸತ್ತವಳು ಎದ್ದು ಬಂದು ಹಾಗಲ್ಲವೆನ್ನಲಾರಳು; ಅವಳ ತಂದೆತಾಯಿಗಳು ಮಾತ್ರ ಆ ಒಂದು ಸಾಲನ್ನು ಬಹುಕಾಲ ಹೊತ್ತುಕೊಂಡು ಬದುಕಬೇಕು. ಆದ್ದರಿಂದ ಆರಕ್ಕೆ ಏಳನೆಯದೊಂದನ್ನು ಸೇರಿಸುವುದು ಅವಶ್ಯಕ: ಹೇಳಿದವರು ಯಾರು? ಹೇಳಿದವರ ಹೆಸರನ್ನು ಬರೆಯಲು ವರದಿಗಾರನಿಗೆ ಸಂಕೋಚವಾದರೆ, ಅವರು ಹೇಳಿದ್ದನ್ನು ಬರೆಯಲೂ ಸಂಕೋಚವಾಗಬೇಕು.

'ಯಾರು' ಎಂಬ ಪ್ರಶ್ನೆಯ ಉತ್ತರದಲ್ಲಿ ಎಷ್ಟು ಜೀವಗಳು ತೂಗಾಡಬಹುದೆಂಬುದಕ್ಕೆ 1948ರ ಜನವರಿ 30ರ ಸಂಜೆ ಸಾಕ್ಷಿ. ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ಹೊರಟಿದ್ದ ಗಾಂಧೀಜಿಯವರಿಗೆ ಗುಂಡು ತಗುಲಿದಾಗ ಐದು ಗಂಟೆ ದಾಟಿ ಕೆಲವು ನಿಮಿಷ. ವಿಭಜನೆಯ ಗಾಯ ಆರಿರಲಿಲ್ಲ. ಕೊಂದವನು ಮುಸಲ್ಮಾನನೆಂಬ ಗುಸುಗುಸು ಹರಡಿದ್ದರೆ ಆ ರಾತ್ರಿ ದೇಶದ ಎಷ್ಟು ಊರುಗಳು ಉರಿಯುತ್ತಿದ್ದವೋ ಹೇಳಲಾಗದು. ಆಕಾಶವಾಣಿ ಆರು ಗಂಟೆಗೆ ಮರಣವಾರ್ತೆಯನ್ನು ಬಿತ್ತರಿಸಿದಾಗ, ಹಂತಕನು ಹಿಂದುವೆಂಬುದನ್ನು ಅದರೊಡನೆಯೇ ಹೇಳಿತೆಂದು ಲ್ಯಾರಿ ಕಾಲಿನ್ಸ್ ಮತ್ತು ಡಾಮಿನಿಕ್ ಲಾಪಿಯೇರ್ 1975ರಲ್ಲಿ ಪ್ರಕಟವಾದ ತಮ್ಮ 'ಫ್ರೀಡಮ್ ಅಟ್ ಮಿಡ್‌ನೈಟ್' ಗ್ರಂಥದಲ್ಲಿ ಬರೆದಿದ್ದಾರೆ. ಆರೋಪಿಯ ಜಾತಿ ಮತಗಳನ್ನು ಸಾಮಾನ್ಯವಾಗಿ ಹೇಳಬಾರದೆಂಬುದು ಪತ್ರಿಕಾಧರ್ಮ. ಅದು ಸರಿಯಾದ ಧರ್ಮ. ಅಂದು ಆ ಒಂದು ಪದವನ್ನು ಹೇಳುವುದೇ ಧರ್ಮವಾಗಿತ್ತು. ಯಾವ ಪದ ಎರಡನೆಯ ವಾಕ್ಯದಲ್ಲಿ ಬರಬೇಕು ಎಂಬುದನ್ನು ನಿಯಮದ ಪುಸ್ತಕ ಪೂರ್ತಿಯಾಗಿ ಕಲಿಸಲಾರದು.

ಅದೇ ವರ್ಷದ ನವೆಂಬರಿನಲ್ಲಿ, ಅಮೆರಿಕೆಯ ಅಧ್ಯಕ್ಷರ ಚುನಾವಣೆಯ ರಾತ್ರಿ, 'ಷಿಕಾಗೊ ಡೈಲಿ ಟ್ರಿಬ್ಯೂನ್' ಪತ್ರಿಕೆ ಟ್ರೂಮನ್ನರು ಡ್ಯೂಯಿಯವರಿಂದ ಸೋತರೆಂದು ಪುಟದುದ್ದದ ತಲೆಬರಹ ಕೊಟ್ಟಿತು. ಮೊಳೆ ಜೋಡಿಸುವವರ ಮುಷ್ಕರದಿಂದಾಗಿ ಪುಟವನ್ನು ಕೆಲವು ಗಂಟೆ ಮೊದಲೇ ಮುಗಿಸಬೇಕಾಗಿತ್ತು. ಅನುಭವಿಯಾದ ರಾಜಕೀಯ ಬಾತ್ಮೀದಾರರ ಊಹೆಯನ್ನು ಫಲಿತಾಂಶವೆಂದೇ ಅಚ್ಚು ಹಾಕಿದರು. ಎಣಿಕೆ ಮುಗಿದಾಗ ಟ್ರೂಮನ್ನರಿಗೆ 303 ಚುನಾಯಕ ಮತ, ಡ್ಯೂಯಿಯವರಿಗೆ 189. ಗೆದ್ದ ಟ್ರೂಮನ್ನರು ಸೇಂಟ್ ಲೂಯಿಸ್ ನಿಲ್ದಾಣದಲ್ಲಿ ಆ ಪತ್ರಿಕೆಯನ್ನು ಎರಡು ಕೈಯಿಂದ ಎತ್ತಿಹಿಡಿದು ನಗುತ್ತಿರುವ ಚಿತ್ರವನ್ನು ಅನೇಕರು ನೋಡಿರಬಹುದು. ಸೋತನೆನಿಸಿಕೊಂಡವನು ಅಧ್ಯಕ್ಷನಾಗಿದ್ದರೆ ನಗಬಹುದು. ಸಾಮಾನ್ಯರಿಗೆ ಆ ಅವಕಾಶವಿಲ್ಲ.

ಸಾಮಾನ್ಯರ ಮಾತು ಬಂದುದರಿಂದ ಈಗ ಬಾಲದ ವಿಷಯಕ್ಕೆ ಬರುತ್ತೇನೆ. ಸುದ್ದಿಯ ಬಾಲವಲ್ಲ, ಕ್ರಿಯಾಪದದ ಬಾಲ.

ಕೆರೆ ಒಡೆದ ವರದಿಯನ್ನು ಬರೆದಾಗ ನನ್ನ ತರಗತಿಯ ಬಹುಮಂದಿ, 'ವೃದ್ಧೆಯೊಬ್ಬಳು ಮೃತಪಟ್ಟಿದ್ದಾಳೆ' ಎಂದೂ 'ತಹಸೀಲ್ದಾರರು ಭೇಟಿ ನೀಡಿದರು' ಎಂದೂ ಬರೆದಿದ್ದರು. ಅಜ್ಜಿಗೆ ಏಕವಚನವೇಕೆಂದು ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದೆ.

"ಅಜ್ಜಿಯ ಹೆಸರು ಗೊತ್ತಿರಲಿಲ್ಲ ಸಾರ್" ಎಂದಳು.

"ತಹಸೀಲ್ದಾರರ ಹೆಸರೂ ಗೊತ್ತಿರಲಿಲ್ಲವಲ್ಲಮ್ಮ?"

ತರಗತಿ ನಕ್ಕಿತು. ಆಕೆ ನಗಲಿಲ್ಲ, ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಮನೆಯಲ್ಲಿ ಅಜ್ಜಿಗೆ ಬಹುವಚನವೇ ಸಾರ್" ಎಂದಳು.

ಇಂಗ್ಲಿಷಿನ ವರದಿಗಾರನಿಗೆ ಈ ಕಷ್ಟವಿಲ್ಲ. ಮಂತ್ರಿಗೂ ಕಳ್ಳನಿಗೂ ಅವರ ಭಾಷೆಯಲ್ಲಿ ಒಂದೇ ಸರ್ವನಾಮ, ಒಂದೇ ಕ್ರಿಯಾಪದ. ಕನ್ನಡದಲ್ಲಿ ಪ್ರತಿಯೊಂದು ವಾಕ್ಯದ ಕೊನೆಯಲ್ಲಿಯೂ 'ನು', 'ಳು', 'ರು' ಎಂದು ವರದಿಗಾರನು ಒಂದು ತೀರ್ಪು ಕೊಡಬೇಕಾಗುತ್ತದೆ. ಕೊಡದೆ ವಾಕ್ಯವೇ ಮುಗಿಯುವುದಿಲ್ಲ. ವೈದ್ಯರು ತಿಳಿಸಿದರು, ಕೂಲಿಯಾಳು ತಿಳಿಸಿದನು. ಮನೆಯೊಡತಿ ಹೇಳಿದರು, ಕೆಲಸದಾಕೆ ಹೇಳಿದಳು. ಮರಣದಲ್ಲಿಯೂ ಹೀಗೆಯೇ. ಗಣ್ಯರು ನಿಧನರಾಗುತ್ತಾರೆ, ಅಸ್ತಂಗತರಾಗುತ್ತಾರೆ, ಲಿಂಗೈಕ್ಯರಾಗುತ್ತಾರೆ. ರಸ್ತೆಯಲ್ಲಿ ಲಾರಿಗೆ ಸಿಕ್ಕವನು ಬರಿದೇ ಸಾಯುತ್ತಾನೆ. ನಮ್ಮ ಭಾಷೆಯ ಈ ಸಂಪತ್ತನ್ನು ತರಗತಿಯಲ್ಲಿ ಹೆಮ್ಮೆಯಿಂದ ಪಾಠ ಹೇಳುವವನೇ ನಾನು. ಆದರೂ ಸುದ್ದಿಯ ಪುಟದಲ್ಲಿ ಅದನ್ನು ಕಂಡಾಗ ಮನಸ್ಸು ಹಿಂಜರಿಯುತ್ತದೆ.

ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಒಬ್ಬ ಗುಮಾಸ್ತರನ್ನು ಊಹಿಸಿಕೊಳ್ಳಿರಿ. ಇಪ್ಪತ್ತು ವರ್ಷ ಒಂದೇ ಕಚೇರಿಯಲ್ಲಿ ದುಡಿದವರು. ಬೀದಿಯಲ್ಲಿ ಎಲ್ಲರೂ 'ರಾಯರೆ' ಎಂದು ಕರೆಯುತ್ತಾರೆ. ಹಣ ದುರುಪಯೋಗದ ದೂರಿನ ಮೇಲೆ ಒಂದು ದಿನ ಪೊಲೀಸರು ಬಂಧಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅವರು 'ಆತ' ಆಗಿದ್ದಾರೆ: 'ಆತ ಖೊಟ್ಟಿ ಲೆಕ್ಕ ಬರೆದು ಹಣ ಲಪಟಾಯಿಸಿದ್ದಾನೆ ಎನ್ನಲಾಗಿದೆ.' ನ್ಯಾಯಾಧೀಶರ ಮುಂದೆ ಕಡತವಿನ್ನೂ ಹೋಗಿಲ್ಲ, ವ್ಯಾಕರಣವಾಗಲೇ ಶಿಕ್ಷೆ ವಿಧಿಸಿದೆ. ಆರೋಪಿ ಬೇರೆ, ಅಪರಾಧಿ ಬೇರೆ. ದೂರು, ಬಂಧನ, ದೋಷಾರೋಪಣ ಪಟ್ಟಿ, ವಿಚಾರಣೆ ಇವೆಲ್ಲ ದಾಟಿ ತೀರ್ಪು ಬಂದ ಮೇಲೆಯೇ ಎರಡನೆಯ ಪದಕ್ಕೆ ಅರ್ಹತೆ. ಪತ್ರಿಕೆಗಳು ಈ ಎರಡು ಪದಗಳ ಭೇದವನ್ನು ಈಗ ಬಹುಮಟ್ಟಿಗೆ ಪಾಲಿಸುತ್ತಿವೆ; ಬಾಲದಲ್ಲಿ ಮಾತ್ರ ಪಾಲಿಸುವುದಿಲ್ಲ.

ಮೂರು ನಾಲ್ಕು ವರ್ಷಗಳ ಬಳಿಕ ಆ ಗುಮಾಸ್ತರು ನಿರ್ದೋಷಿಯೆಂದು ಬಿಡುಗಡೆಯಾದರೆಂದು ಇಟ್ಟುಕೊಳ್ಳಿ. ಬಂಧನ ಮೊದಲ ಪುಟದಲ್ಲಿ ನಾಲ್ಕು ಕಾಲಂ ಬಂದಿದ್ದರೆ, ಬಿಡುಗಡೆ ಏಳನೆಯ ಪುಟದ ಕೆಳಗೆ ನಾಲ್ಕು ಸಾಲು ಬಂದರೆ ಪುಣ್ಯ. ಇದೂ ಸುದ್ದಿಯ ರಚನೆಯ ಪ್ರಶ್ನೆಯೇ. ಬಂಧನದ ವರದಿಯನ್ನು ಯಾವ ಪುಟದಲ್ಲಿ, ಎಷ್ಟು ದೊಡ್ಡ ಅಕ್ಷರದಲ್ಲಿ ಹಾಕಿತ್ತೋ, ಬಿಡುಗಡೆಯದನ್ನೂ ಅಷ್ಟೇ ಎದ್ದುಕಾಣುವಂತೆ ಹಾಕುವ ಪತ್ರಿಕೆಯನ್ನು ನಾನು ಚಂದಾ ಕೊಟ್ಟು ಓದುತ್ತೇನೆ.

ಕೆಲವು ಸಂಗತಿಗಳಲ್ಲಿ ವರದಿಗಾರನ ವಿವೇಚನೆಗೆ ಬಿಡದೆ ಕಾನೂನೇ ಗೆರೆ ಎಳೆದಿದೆ. ಅತ್ಯಾಚಾರಕ್ಕೆ ಗುರಿಯಾದವರ ಹೆಸರನ್ನಾಗಲಿ ಗುರುತನ್ನಾಗಲಿ ಪ್ರಕಟಿಸುವುದು ಅಪರಾಧ. ಹಿಂದೆ ದಂಡಸಂಹಿತೆಯಲ್ಲಿದ್ದ ಈ ನಿಷೇಧ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 72ನೆಯ ಕಲಮಾಗಿದೆ. ಹೆಸರು ಮರೆಸಿ, ಊರು, ಬೀದಿ, ತಂದೆಯ ಉದ್ಯೋಗ, ಓದುತ್ತಿರುವ ಶಾಲೆ ಇಷ್ಟನ್ನೂ ಬರೆಯುವವರಿದ್ದಾರೆ. ಕುಂಬಳಕಾಯಿಯನ್ನು ಸೆರಗಿನಲ್ಲಿ ಮುಚ್ಚಿದಂತೆ. ಮೊಬೈಲಿನಲ್ಲಿ ಸುದ್ದಿ ಹರಡುವ ನಮ್ಮ ನಿಮ್ಮಂಥವರಿಗೂ ಈ ಕಲಮು ಅನ್ವಯಿಸುತ್ತದೆಂಬುದನ್ನು ಮನೆಯ ಮಕ್ಕಳಿಗೆ ತಿಳಿಸಿಡುವುದು ಒಳ್ಳೆಯದು.

ಬಾಲಕ್ಕೆ ಮದ್ದೇನು? ವಯಸ್ಕರೆಲ್ಲರಿಗೂ ಬಹುವಚನವೆಂದು ಒಂದೇ ನಿಯಮ ಮಾಡಿಕೊಂಡರೆ ಜಗಳವೇ ಇಲ್ಲ. ಕೊಲೆಯ ಆರೋಪಿಗೂ 'ರು' ಹಚ್ಚಬೇಕೆ ಎಂದು ಕೆಲವರು ಸಿಡುಕುತ್ತಾರೆ. ಹಚ್ಚಿದರೆ ನಷ್ಟವೇನು? ತೀರ್ಪು ಬರುವವರೆಗೆ ಅವರೂ ಒಬ್ಬ ಪ್ರಜೆ. ಅಷ್ಟು ಔದಾರ್ಯ ಸಾಧ್ಯವಿಲ್ಲದಿದ್ದರೆ ವಾಕ್ಯವನ್ನೇ ಬೇರೆಯಾಗಿ ಕಟ್ಟಬಹುದು: 'ಹಣ ದುರುಪಯೋಗದ ಆರೋಪದ ಮೇಲೆ ಪೊಲೀಸರು ಒಬ್ಬ ಗುಮಾಸ್ತರನ್ನು ಬಂಧಿಸಿದ್ದಾರೆ.' ಇಲ್ಲಿ ಕ್ರಿಯೆ ಪೊಲೀಸರದು, ಬಾಲವೂ ಅವರದೇ. ನಿಜವಾಗಿ ನಡೆದದ್ದೂ ಅಷ್ಟೆ.

ಸಂಘದ ಕಾರ್ಯದರ್ಶಿಗಳಿಗೆ ಒಂದು ಮಾತು ಹೇಳಬೇಕು. ವಾರ್ಷಿಕೋತ್ಸವದ ವರದಿಯನ್ನು ನೀವು ಬಹುತೇಕ ಹೀಗೆ ಬರೆಯುತ್ತೀರಿ: ಪ್ರಾರ್ಥನೆ, ಸ್ವಾಗತ, ಜ್ಯೋತಿ ಬೆಳಗುವಿಕೆ, ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ, ಬಹುಮಾನ ವಿತರಣೆ, ವಂದನಾರ್ಪಣೆ. ಸಭೆ ನಡೆದ ಕ್ರಮವೇನೋ ಅದೇ, ಆದರೆ ಪ್ರಾರ್ಥನೆ ಯಾವ ಸಭೆಯಲ್ಲಿಯೂ ಸುದ್ದಿಯಲ್ಲ. ಆ ಸಂಜೆ ನಿಮ್ಮ ಬಡಾವಣೆಯಲ್ಲಿ ನಿನ್ನೆ ಇಲ್ಲದ್ದು ಏನಾಯಿತು? ಬಡಮಕ್ಕಳಿಗೆ ವಾಚನಾಲಯ ತೆರೆಯಲು ಒಬ್ಬರು ತಮ್ಮ ಮನೆಯ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟರೆ? ಹಾಗಾದರೆ ಅದೇ ಮೊದಲ ವಾಕ್ಯ. ಅವರ ಹೆಸರು, ಬೀದಿ, ವಾಚನಾಲಯ ತೆರೆದಿರುವ ವೇಳೆ ಎರಡನೆಯದರಲ್ಲಿ. ಹಾರ ತುರಾಯಿ ಪಡೆದವರ ಪಟ್ಟಿಯನ್ನು ಎಲ್ಲಕ್ಕಿಂತ ಕೆಳಗೆ ಬರೆಯಿರಿ. ಸ್ಥಳವಿದ್ದರೆ ಅದನ್ನೂ ಅಚ್ಚು ಹಾಕುತ್ತಾರೆ.